ಝೆಡ್ ಕೊಟ್ಟು ಎಲ್ ಪಡೆದದ್ದು

ಬೆಟಗೇರಿ,
೯ ಸೆಪ್ಟೆಂಬರ್ ೧೯೮೮

ಪ್ರೀತಿಯ ಮಗಳು ಸುಮಿತ್ರವ್ವಗೆ ಅವ್ವನ ಆಶೀರ್ವಾದ.

ನಿನ್ನ ಕೆಮ್ಮು ಕಡಿಮೆಯಾಯಿತೆ? ಸೊಲ್ಲಾಪುರದ ನೀರು ಒಗ್ಗುವವರೆಗೆ ಕಾಯಿಸಿ ಕುಡಿ. ನನ್ನದೇನೂ ಚಿಂತೆ ಮಾಡಬೇಡ. ನಿಮ್ಮ ಅಪ್ಪ ಹೋದ ಮೇಲೆ ರುಚಿಯಿಲ್ಲದೆ ಉಣ್ಣುತ್ತಿದ್ದವಳು ಮೊನ್ನೆ ಕೆಂಪು ಮೆಣಸಿನಕಾಯಿಯ ರಂಜಕ ಅರೆದೆ. ಒಂದು ರೊಟ್ಟಿ ಹೆಚ್ಚೇ ಉಂಡೆ.

ಸುದ್ದಿ ಎಂದರೆ, ಅಪ್ಪನ ಕಂಪ್ಯೂಟರು ಎದ್ದು ಕೂತಿದೆ! ಅದರ ಎಲ್ ಗುಂಡಿ ಒತ್ತಿದರೂ ಸುಮ್ಮನಿರುತ್ತಿತ್ತಲ್ಲ. ಕ್ಯಾಸೆಟ್ಟಿನಲ್ಲಿ ಇಟ್ಟದ್ದನ್ನು ಟೀವಿಯ ಮೇಲೆ ತರುವ ಅಪ್ಪಣೆ ಎಲ್ ಅಕ್ಷರದಿಂದಲೇ ಶುರು. ಅಪ್ಪ ಕೊನೆಗೆ ಅದರಲ್ಲಿ ಬರೆದ ಸೀರೆಯ ಅಂಚಿನ ಚಿತ್ತಾರ ಕ್ಯಾಸೆಟ್ಟಿನಲ್ಲಷ್ಟೇ ಇತ್ತು, ಕಾಗದದಲ್ಲಿ ಇಳಿದಿರಲಿಲ್ಲ. ಅದನ್ನು ನೇಯುತ್ತೇನೆಂದು ಗೋಪಣ್ಣ ಮಗ್ಗ ಖಾಲಿ ಇಟ್ಟುಕೊಂಡು ಕಾಯುತ್ತಿದ್ದ. ಕಂಪನಿಗೆ ಮೂರು ಕಾಗದ ಬರೆದೆ. ಮೂರಕ್ಕೂ ಹೊಸ ಮಾದರಿಯ ಬಣ್ಣದ ಚಿತ್ರ ಕಳಿಸಿದರು, ಗುಂಡಿಯ ಮಾತೇ ಇಲ್ಲ. ಚಿತ್ರಗಳನ್ನು ಹಿಟ್ಟಿನ ಡಬ್ಬಿಯ ತಳಕ್ಕೆ ಹಾಸಿದ್ದೇನೆ. ಕೊನೆಗೆ ಹುಬ್ಬಳ್ಳಿಯ ಏಜೆಂಟನ ಅಂಗಡಿಗೇ ಹೋದೆ. ಅವನು ಪೆಟ್ಟಿಗೆ ಬಿಚ್ಚಿಯೂ ನೋಡಲಿಲ್ಲ. “ಅಕ್ಕಾರ, ಇದನ್ನ ಮಾಡಿದವರೇ ಮರ್ತು ಬಿಟ್ಟಾರ. ನೀವೂ ಮರ್ತುಬಿಡ್ರಿ” ಎಂದ. ನನಗೆ ಮರೆಯುವುದು ಅಷ್ಟು ಸಲೀಸಾಗಿದ್ದರೆ ಹುಬ್ಬಳ್ಳಿಯ ತನಕ ಯಾಕೆ ಹೋಗುತ್ತಿದ್ದೆ? ಪೆಟ್ಟಿಗೆಯನ್ನು ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆ.

ನಮ್ಮ ಓಣಿಯ ರೇಡಿಯೋ ರಿಪೇರಿ ಮಹಬೂಬಸಾಬರು ಕಂಪ್ಯೂಟರು ಮುಟ್ಟಿದವರೇ ಅಲ್ಲ. ಆದರೂ ನಿನ್ನೆ ಮನೆಗೆ ಬಂದು ಬಿಚ್ಚಿದರು. ಗುಂಡಿಯ ಕೆಳಗಿನ ಕರಿ ರಬ್ಬರು ಸವೆದಿತ್ತಂತೆ. “ಅಕ್ಕಾ, ಈ ಝೆಡ್ ನಿಮಗ್ಯಾಕ ಬೇಕ್ರಿ? ಇದರ ರಬ್ಬರ್ ಕಿತ್ತು ಎಲ್‌ಗೆ ಹಚ್ಚತೀನಿ. ನಮ್ಮ ಮನ್ಯಾಗ ಮಾತ್ರ ಹೇಳಬ್ಯಾಡ್ರಿ, ಆಕಿ ಹೆಸರು ಝರೀನಾ!” ಎಂದರು. ಬಹಳ ದಿನಗಳ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕೆ.

ರಬ್ಬರು ಹಚ್ಚಿ, ಟೇಪು ಸರಿಯಾಗಿ ತಿರುಗುತ್ತದೆಯೇ ಎಂದು ನೋಡಲು ಅವರು ಕಂಪ್ಯೂಟರಿನ ವಾಯರು ಕಿತ್ತು ಬರೀ ಟೇಪನ್ನು ಹಚ್ಚಿದರು. ಕಂಪ್ಯೂಟರು ಓದಿಕೊಳ್ಳುವ ಕಿರ್ರೆನ್ನುವ ಸದ್ದಿಗೆ ಮೊದಲು ನಿಮ್ಮ ಅಪ್ಪ ಮಾತಾಡಿದರು, ಸುಮಿತ್ರವ್ವ! “ಮಲ್ಲಿಗಿ ಮೊಗ್ಗಿನ ಅಂಚು. ಎಡಕ್ಕ ಮೂವತ್ತೆರಡು ಮನಿ. ಸಾವಂತ್ರಿ, ಒಂದೀಟು ಒರಳು ನಿಲ್ಲಸು, ಸಪ್ಪಳ ಕೂಡ್ಕೊಂತೈತಿ.” ಹಿಂದೆಯೇ ನನ್ನ ದನಿ: “ಒರಳು ನಿಂತ್ರ ಚಟ್ನಿ ಯಾರು ಕೊಡ್ತಾರ, ನಿಮ್ಮ ಕಂಪ್ಯೂಟರ್ ಕೊಡತೈತೇನು?” ಮಹಬೂಬಸಾಬರು ಬಗ್ಗಿ ನೆಲದ ಮೇಲೆ ಸ್ಕ್ರೂ ಹುಡುಕಿದರು. ಸ್ಕ್ರೂ ಯಾವುದೂ ಬಿದ್ದಿರಲಿಲ್ಲ. ನಾನು ಚಹಾ ಇಡುವ ನೆಪದಲ್ಲಿ ಒಳಗೆ ಹೋಗಿ ಬಂದೆ.

ಆಮೇಲೆ ಅಂಚು ಟೀವಿಯ ಮೇಲೆ ಸಾಲುಸಾಲಾಗಿ ಮೂಡಿತು. ಗೋಪಣ್ಣ ಚೌಕದ ಹಾಳೆಯ ಮೇಲೆ ಒಂದೊಂದೇ ಮನೆ ಎಣಿಸಿ ಇಳಿಸಿಕೊಂಡ. ಸೋಮವಾರ ನೇಯಲು ಕೂಡುತ್ತಾನೆ. ಮೊದಲ ಸೀರೆ ನಿನಗೆ.

ಅಳಿಯಂದಿರನ್ನು ಕೇಳಿದೆನೆಂದು ಹೇಳು. ಬಿಸಿಯುಂಡು ನಗುನಗುತ್ತಾ ಇರು.

ನಿನ್ನ ಅವ್ವ,
ಸಾವಂತ್ರೆವ್ವ

ತಾ.ಕ.: ಟಪಾಲಿನವ ಬರುವ ಹೊತ್ತಾಯಿತು. ಪಂಚಮಿಗೆ ಬಂದಾಗ ಹಾಡು ತುಂಬಿಸಲು ನೀನು ಒಯ್ದ ಎರಡು ಕ್ಯಾಸೆಟ್ಟುಗಳೂ ಅಪ್ಪನವೇ. ಮೇಲೆ ಹೆಸರಿಲ್ಲವೆಂದು ಖಾಲಿ ಎಂದುಕೊಂಡು ನಾನೇ ಕೊಟ್ಟೆ. ಅವರು ಹೆಸರು ಬರೆಯುತ್ತಿರಲಿಲ್ಲ, ಟೇಪಿನ ಮೊದಲಿಗೇ ಬಾಯಿಂದ ಹೇಳಿಡುತ್ತಿದ್ದರು. ಇನ್ನೂ ತುಂಬಿಸಿರದಿದ್ದರೆ ಮುಟ್ಟಬೇಡ. ತುಂಬಿಸಿದ್ದರೂ ಅಳಬೇಡ. ನೀನು ಟೇಪನ್ನು ತುಸು ಮುಂದೆ ಸುತ್ತಿಯೇ ಶುರುಮಾಡುವವಳು. ಹಾಡಿಗೆ ಮುಂಚಿನದನ್ನು ಒಮ್ಮೆ ಕೇಳಿ ನೋಡು.