ಅಪ್ಪನ ಕವಿತೆ ಕೇಳಿಕೊಂಡು ಬಂದವಳು

ಬಂಗೂರನಗರ, ದಾಂಡೇಲಿ
೧೯ ನವೆಂಬರ್ ೨೦೨೪

ಪ್ರೀತಿಯ ತಮ್ಮ ಸಿದ್ದಲಿಂಗ,

ಸೊಲ್ಲಾಪುರದಲ್ಲಿ ಹೇಗಿದ್ದೀ? ಮೊಣಕಾಲು ನೋವು ಇಳಿಯಿತೇ? ನಾನು ಆರಾಮ ಇದ್ದೇನೆ. ಅಪ್ಪ ತೀರಿಕೊಂಡ ಮೇಲಿನ ಈ ಎರಡು ವರ್ಷದಲ್ಲಿ ಮನೆಯಲ್ಲಿ ಮಾತೇ ಕಡಿಮೆಯಾಗಿದೆ. ಹಾಲಿನವನಿಗೆ ಉತ್ತರ ಕೊಡುವಾಗ ನನ್ನ ದನಿ ನನಗೇ ಬೇರೆಯವರದೆನಿಸುತ್ತದೆ.

ಮೊನ್ನೆ ರವಿವಾರ ಹಳಿಯಾಳದಿಂದ ಒಬ್ಬ ಹೆಂಗಸು ಬಂದಿದ್ದಳು. ಗುರುಬಸವ್ವ ಅಂತ, ಸಂತೆಯಲ್ಲಿ ಬಳೆ ಮಾರುತ್ತಾಳಂತೆ. ಬಾಗಿಲಲ್ಲೇ ನಿಂತು, "ಕವಿ ಚನಬಸಪ್ಪನವರ ಮನಿ ಇದ ಏನ್ರಿ?" ಎಂದಳು. ಅಪ್ಪನಿಗೆ ಕಾದಂಬರಿಕಾರ ಎನಿಸಿಕೊಳ್ಳುವ ಆಸೆ ಎಷ್ಟಿತ್ತು, ನಿನಗೆ ಗೊತ್ತಲ್ಲ. ಮಿಲ್ಲಿನ ಗುಮಾಸ್ತಿಕೆ ಮಾಡುತ್ತಲೇ ಒಂಬತ್ತು ಕಾದಂಬರಿ ಬರೆದ. ಒಂದನ್ನೂ ಯಾರೂ ಕೇಳಿಕೊಂಡು ಬರಲಿಲ್ಲ. ತಾನೇ ಅಚ್ಚು ಹಾಕಿಸಿದ ನಲವತ್ತು ಪುಟದ ಆ ಕವಿತೆಯ ಪುಸ್ತಕಕ್ಕೆ ಮಾತ್ರ ಈಗಲೂ ವರ್ಷಕ್ಕೆ ಒಬ್ಬರಿಬ್ಬರು ಬರುತ್ತಾರೆ. ಹೋದ ವರ್ಷ ಜೋಯಿಡಾದ ಮಾಸ್ತರರೊಬ್ಬರು ಬಂದಿದ್ದರು. ಗುರುಬಸವ್ವನ ಹತ್ತಿರ ಯಾರೋ ಅದರೊಳಗಿನ ಒಂದು ಕವಿತೆ ಬರೆದುಕೊಟ್ಟ ನೋಟುಬುಕ್ಕಿನ ಹಾಳೆಯಿತ್ತು, ಮಡಚಿ ಮಡಚಿ ಹರಿದಿತ್ತು. ಅದನ್ನು ನೋಡದೆಯೇ ಹೇಳಿದಳು:

ಪಕ್ಕದಲ್ಲಿ ಇನ್ನೊಂದು ಗಂಗಾಳ ಇಟ್ಟೆ;
ತೊಳೆಯುವಾಗ ಅದಕ್ಕೆ ಒಂದು ಅಗುಳೂ ಅಂಟಿರಲಿಲ್ಲ.

"ನಮ್ಮ ಮನಿಯವ್ರು ಗೋವಾಕ್ಕ ದುಡೀಲಿಕ್ಕೆ ಹೋಗಿ ಒಂಬತ್ತು ವರ್ಷ ಆತ್ರಿ, ಸುದ್ದಿ ಇಲ್ಲ. ಎಲ್ಲಾರೂ ಸಮಾಧಾನ ಹೇಳ್ತಾರ. ಇದನ್ನ ಬರದವ್ರು ಸಮಾಧಾನ ಹೇಳಂಗಿಲ್ರಿ, ಸುಮ್ನ ಬಾಜೂಕ ಕೂಡ್ತಾರ," ಎಂದಳು. ಚಹಾ ಮಾಡಿಕೊಟ್ಟು, ಟ್ರಂಕಿನಿಂದ ಒಂದು ಪ್ರತಿ ತೆಗೆದುಕೊಟ್ಟೆ. "ಇದು ನಿಮ್ಮ ಅವ್ವಾರು ತೀರಿಕೊಂಡಾಗ ಬರದದ್ದೇನ್ರಿ?" ಎಂದಳು. ಹೌದೆಂದೆ. ಮೊದಲಿನಿಂದ ಎಲ್ಲರಿಗೂ ಹಾಗೆಯೇ ಹೇಳಿದ್ದೇನೆ.

ಅವಳು ಬಸ್ಸಿಗೆ ಹೋದ ಮೇಲೆ ಇನ್ನೊಂದು ಪ್ರತಿ ತೆರೆದೆ. ಆ ಕವಿತೆಯ ಕೆಳಗೆ ತಾರೀಖಿದೆ. ಅವ್ವ ಅದಾಗಿ ಆರು ವರ್ಷ ಬದುಕಿದ್ದಳು. ಅದು ನೀನು ಮಿಲ್ಲಿನ ಕೆಲಸ ಬಿಟ್ಟು, ಅಪ್ಪನ ಜೊತೆ ಜಗಳಾಡಿ ಮನೆಯಿಂದ ಹೊರಟ ವಾರದ ತಾರೀಖು. ನನಗೆ ಅದು ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಸುನಂದಾಳಿಗೆ, ಮಕ್ಕಳಿಗೆ ನನ್ನ ನೆನಪು ಹೇಳು. ಎಲ್ಲರೂ ಸುಖವಾಗಿರಿ.

ನಿನ್ನ ಅಕ್ಕ,
ನಿರ್ಮಲಾ

ತಾ.ಕ.: ಅಪ್ಪ ಹಾಸಿಗೆ ಹಿಡಿದಾಗ ನೀನು ಫೋನ್ ಮಾಡಿ, "ನನ್ನ ಕೇಳ್ತಾನೇನು?" ಎಂದಿದ್ದೆ. ಇಲ್ಲ ಎಂದೆ. "ಸಿದ್ದು ಫೋನ್ ಮಾಡಿದ್ನೇನು?" ಎಂದು ಅವನು ದಿನಾ ಕೇಳುತ್ತಿದ್ದ. ಅವನಿಗೂ ಇಲ್ಲ ಎಂದೆ. ಜೊತೆಗಿದ್ದು ನೋಡಿಕೊಂಡವಳು ನಾನು, ಕೇಳುವುದು ನಿನ್ನನ್ನು ಎಂಬ ಹೊಟ್ಟೆಕಿಚ್ಚು. ಇದನ್ನು ಓದಿದ ಮೇಲೂ ಅಕ್ಕ ಬೇಕೆನಿಸಿದರೆ, ಒಮ್ಮೆ ಬಂದು ಹೋಗು.