ಎರಡು ಪೊರೆಯ ಚೀಲಕ್ಕೊಂದು ಬಾಗಿಲು

ಲೈಡನ್
17 ಜೂನ್ 2020

ಪ್ರೀತಿಯ ಸೀಬ್ರೆನ್,

ನೀನೂ ನಿನ್ನ ಕುರಿಗಳೂ ಕ್ಷೇಮವೆಂದು ನಂಬಿದ್ದೇನೆ. ಹದಿನಾಲ್ಕು ವರ್ಷಗಳ ಮೇಲೆ ಬರೆಯುತ್ತಿದ್ದೇನೆ. ಇಷ್ಟು ತಡಕ್ಕೆ ಯಾವ ನೆಪ ಹೇಳಿದರೂ ನೀನು ನಗುತ್ತೀಯ. ಕ್ಷಮಿಸು ಎಂದಷ್ಟೇ ಕೇಳುತ್ತೇನೆ.

ಸೂಕ್ಷ್ಮದರ್ಶಕದ ಕೋಣೆಗೆ ಈಗ ಒಬ್ಬರಿಗೆ ಮಾತ್ರ ಪ್ರವೇಶ. ಮಾರ್ಚ್‌ನಿಂದ ಆ ಒಬ್ಬಳು ನಾನೇ. ಮಧ್ಯಾಹ್ನ ಹೊರಗಿನ ಮೆಟ್ಟಿಲ ಮೇಲೆ ಕೂತು ಚೀಸ್ ಬ್ರೆಡ್ ತಿನ್ನುತ್ತೇನೆ. ಎಷ್ಟೋ ದಿನ ಸೈಕಲ್ ಏರಿ ಮನೆಗೆ ಹೊರಟಾಗಲೇ, ಬೆಳಗಿನಿಂದ ನನ್ನ ದನಿಯನ್ನು ನಾನೇ ಕೇಳಿಲ್ಲವೆಂದು ಗೊತ್ತಾಗುತ್ತದೆ.

ನಿನಗೊಂದು ಸುದ್ದಿಯಿದೆ. ಆಗ ಇದೇ ಪ್ರಯೋಗಾಲಯದಲ್ಲಿ ನಾವು ಇಲಿಯ ಕೊರೊನಾ ವೈರಸ್ಸಿನಲ್ಲಿ ನೋಡಿದ್ದೆವಲ್ಲ, ಅದರ ಪ್ರೋಟೀನುಗಳು ಜೀವಕೋಶದ ಒಳಪೊರೆಯನ್ನೇ ಎಳೆದು, ಬಾಗಿಸಿ, ಎರಡು ಪೊರೆಯ ದುಂಡು ಚೀಲಗಳನ್ನು ಕಟ್ಟಿಕೊಳ್ಳುವುದನ್ನು? ವೈರಸ್ಸು ತನ್ನ ಪ್ರತಿಗಳನ್ನು ಮಾಡುವುದು ಅದರೊಳಗೆ. ಎಲ್ಲ ಕಡೆ ಮುಚ್ಚಿದ ಚೀಲದಿಂದ ಅವು ಹೊರಬರುವುದು ಹೇಗೆಂದು ಯಾರಿಗೂ ತಿಳಿದಿರಲಿಲ್ಲ. ಬಾಗಿಲು ಇರಲೇಬೇಕೆಂದು ನೀನು ಹಟ ಹಿಡಿದೆ. ನೀನು ತಂದ ಒಂದೇ ಒಂದು ಚಿತ್ರವನ್ನು ಪ್ರೊಫೆಸರ್ ಸಭೆಯಲ್ಲಿ ಪಕ್ಕಕ್ಕಿಟ್ಟು, ಅದು ಕೋಶವನ್ನು ತೆಳು ಹೋಳಾಗಿ ಕತ್ತರಿಸುವಾಗ ಆದ ಹರಕು ಅಂದರು. ಆ ಬೇಸಿಗೆಯಲ್ಲೇ ನೀನು ಕೆಲಸ ಬಿಟ್ಟು ಫ್ರೀಸ್‌ಲ್ಯಾಂಡಿಗೆ ಹೊರಟುಹೋದೆ.

ಕಳೆದ ವಾರ ಅದೇ ವೈರಸ್ಸು ಹೊಕ್ಕ, ಹೆಪ್ಪುಗಟ್ಟಿಸಿದ ಕೋಶಗಳನ್ನು ನೋಡುತ್ತಿದ್ದೆ. ಕತ್ತಿ ಸೋಕದ ಕೋಶಗಳು. ಎರಡೂ ಪೊರೆಗಳನ್ನು ಹಾಯುವ ರಂಧ್ರ, ಅದರ ಸುತ್ತ ಕಿರೀಟದಂತೆ ಪ್ರೋಟೀನುಗಳು. ಒಂದರಲ್ಲಲ್ಲ, ಚೀಲ ಚೀಲದಲ್ಲೂ.

ನಮ್ಮಲ್ಲಿಗೆ ಹೊಸದಾಗಿ ಸೇರಿದ ಸಂಶೋಧಕಿ ನೂರ್‌ಗೆ ಫೋನ್ ಮಾಡಿದೆ. ಅವಳು ಮನೆಯಿಂದಲೇ ಚಿತ್ರ ತೆರೆದು ನೋಡಿದಳು.

"ಇದು ಮೊದ್ಲೇ ಯಾರಿಗೂ ಹೊಳೀಲಿಲ್ವಾ, ಹೆಸ್ಟರ್?"

"ಒಬ್ಬನಿಗೆ ಹೊಳೆದಿತ್ತು. ಈಗ ಕುರಿ ಸಾಕ್ತಾನೆ."

"ಅವರಿಗೆ ಹೇಳಿದ್ರಾ ಮತ್ತೆ?"

ಅದಕ್ಕೇ ಈ ಕಾಗದ. ಚಿತ್ರ ಜೊತೆಗಿಟ್ಟಿದ್ದೇನೆ. ನಮ್ಮ ಲೇಖನದ ಕೊನೆಯಲ್ಲಿ ನಿನ್ನ ಹೆಸರು ನೆನೆಯಬೇಕೆಂದು ನೂರ್‌ಳ ಆಸೆ, ಬೇಡವೆಂದರೆ ತಿಳಿಸು.

ನಿನ್ನ ಮನೆಯವರೆಲ್ಲ ಗಟ್ಟಿಯಾಗಿರಲಿ. ಈ ವರ್ಷದ ಮರಿಗಳು ಚೆನ್ನಾಗಿ ಮೈ ತುಂಬಿಕೊಳ್ಳಲಿ.

ನಿನ್ನ ಹಳೆಯ ಜೊತೆಗಾತಿ,
ಹೆಸ್ಟರ್

ತಾ.ಕ.: ಇದನ್ನು ಮೇಲೆ ಬರೆಯದೆ ಬಿಟ್ಟದ್ದು ಮರೆತಲ್ಲ, ಹೆದರಿ. 'ಹರಕು' ಎಂಬ ಮಾತು ಪ್ರೊಫೆಸರರದ್ದಲ್ಲ, ನನ್ನದು. ಸಭೆಯ ಹಿಂದಿನ ದಿನ ಅವರು ನನ್ನನ್ನು ಕರೆದು ಕೇಳಿದ್ದರು. ನನ್ನ ಹೋಳುಗಳಲ್ಲೂ ಎರಡು ಕಡೆ ಅದೇ ತೂತು ಕಂಡಿತ್ತು. ಆದರೆ ನಮ್ಮಿಬ್ಬರಿಗೆ ಉಳಿದಿದ್ದದ್ದು ಒಂದೇ ಹುದ್ದೆ, ಸೀಬ್ರೆನ್. "ಅವನ ಕೈ ನಡುಗಿರ್ಬೇಕು" ಅಂದುಬಿಟ್ಟೆ. ನಿನ್ನ ಕೈ ಎಂದೂ ನಡುಗಿದ್ದಿಲ್ಲ. ಈ ಕಾಗದಕ್ಕೆ ನೀನು ಉತ್ತರ ಬರೆಯಲೇಬೇಕೆಂದಿಲ್ಲ.