ನಿಮ್ಮ ಪಟ್ಟಿ, ನಾನು ನೋಡಿದ ಮೂರು ಬೋಟು

ಕುಶನ್ ಅಂಗಡಿಯ ಮೇಲಿನ ಮನೆ,
ಮಾರ್ಚ್ ೧೪, ಭಾನುವಾರ ಮಧ್ಯಾಹ್ನ

ಏನ್ರೀ, ನೀರಿನ ಮೇಲಿರುವ ನನ್ನ ಯಜಮಾನರೇ,

ಹೇಗಿದ್ದೀರಿ? ಸುಟ್ಟುಕೊಂಡ ಕೈ ವಾಸಿಯಾಯಿತೇ? ಹಡಗು ಓಲಾಡುವಾಗ ಕುದಿಯುವ ಪಾತ್ರೆಯ ಪಕ್ಕ ನಿಲ್ಲಬೇಡಿ ಎಂದು ಹನ್ನೊಂದು ವರ್ಷದಿಂದ ಬಡಕೊಳ್ಳುತ್ತಿದ್ದೇನೆ. ಹಡಗಿನ ಅಡುಗೆಯವನಿಗೆ ಅಡುಗೆಮನೆ ಪಾಠ ಹೇಳ್ತೀಯಾ ಎಂದು ನಗುತ್ತೀರಿ, ಆಮೇಲೆ ಕೈಗೆ ಬಟ್ಟೆ ಸುತ್ತಿಕೊಂಡು ಫೋಟೋ ಕಳಿಸುತ್ತೀರಿ. ಸೊಂಟದ ಬೆಲ್ಟು ಕಟ್ಟಿಕೊಳ್ಳುತ್ತಿದ್ದೀರೋ, ಪೆಟ್ಟಿಗೆಯ ತಳದಲ್ಲಿ ಬಿದ್ದಿದೆಯೋ? ನಾವಿಬ್ಬರೂ ಗಟ್ಟಿಮುಟ್ಟಾಗಿದ್ದೇವೆ. ನಿಮ್ಮ ಮಗಳಿಗೆ ಮುಂದಿನ ಎರಡು ಹಲ್ಲು ಬಿದ್ದಿವೆ, ಮಾತಾಡಿದರೆ ಗಾಳಿಯೇ ಜಾಸ್ತಿ. ಎರಡು ವರ್ಷದವಳಿದ್ದಾಗ ಸೋಫಾದ ಗುಂಡಿ ನುಂಗಿ ನಮ್ಮ ಜೀವ ಬಾಯಿಗೆ ತಂದು ‘ಗುಂಡಿ’ ಎಂದೇ ಹೆಸರು ಮಾಡಿಕೊಂಡವಳು ಈಗ ನನ್ನ ಹೊಲಿಗೆಯಲ್ಲಿ ಸೊಟ್ಟ ಹುಡುಕುವಷ್ಟು ದೊಡ್ಡವಳಾಗಿದ್ದಾಳೆ. ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತಲ್ಲ ಎನ್ನಬೇಡಿ. ನಾನು ಮುಖ್ಯವಾದ ಮಾತಿಗೆ ಬರುವ ಹೊತ್ತಿಗೆ ಸರಿಯಾಗಿ ನಿಮಗೆ ಸಿಗ್ನಲ್ ಹೋಗುತ್ತದೆ. ಅದಕ್ಕೇ ಕಾಗದ. ಮುಂದಿನ ಬಂದರಿನ ಏಜೆಂಟರ ವಿಳಾಸಕ್ಕೆ ಹಾಕುತ್ತಿದ್ದೇನೆ.

ನಿಮ್ಮ ಪಟ್ಟಿ ಬಂತು. ಹಳೇ ಬೋಟು ಕೊಳ್ಳುವ ಮುನ್ನ ನೋಡಬೇಕಾದ ಇಪ್ಪತ್ತೆರಡು ಅಂಶಗಳು! ಅಂಗಡಿಯಲ್ಲಿ ಗಟ್ಟಿಯಾಗಿ ಓದಿದೆ, ಹತ್ತನೆಯದಕ್ಕೆ ಎಲ್ಲರೂ ಬಿದ್ದು ಬಿದ್ದು ನಕ್ಕರು. “ಅಪಾಯದ ಸಮಯಕ್ಕೆ ಜೀವರಕ್ಷಕ ದೋಣಿ ಇದೆಯೇ?” ಅಲ್ಲಾ ಸ್ವಾಮಿ, ಬೋಟೇ ಹದಿನೆಂಟು ಅಡಿ. ಅದರೊಳಗೆ ಇನ್ನೊಂದು ದೋಣಿ ಎಲ್ಲಿಡಲಿ, ನನ್ನ ತಲೆಯ ಮೇಲೆಯೇ? ನೀವು ಕೇಳಿದ್ದು ಮೂತಿಯ ಕಡೆಯೂ ಜನ ಕೂರುವಂಥ, ಬೌರೈಡರ್ ಎನ್ನುತ್ತಾರಲ್ಲ, ಆ ಬೋಟು. ಕೆರೆಯಲ್ಲಿ ಜನರನ್ನು ಸುತ್ತಾಡಿಸಿಕೊಂಡು ಮನೆಯಲ್ಲೇ ಇರುತ್ತೇನೆ, ಒಳ್ಳೆಯ ಬೋಟು ಸಿಕ್ಕ ದಿನ ಹಡಗಿಗೆ ಕೈ ಮುಗಿಯುತ್ತೇನೆ ಎಂದಿದ್ದಿರಿ. ಹಾಗೆಂದು ಎರಡು ವರ್ಷವಾಯಿತು. ಈ ಎರಡು ವರ್ಷದಲ್ಲಿ ಏಳು ಬೋಟುಗಳ ಫೋಟೋ ಕಳಿಸಿದೆ, ಏಳಕ್ಕೂ ನೀವು ಏನಾದರೊಂದು ಕೊಂಕು ತೆಗೆದಿರಿ. ಇರಲಿ, ಅದಕ್ಕೆ ಆಮೇಲೆ ಬರುತ್ತೇನೆ.

ಈ ಸಲ ಎಂಜಿನ್ ನೋಡುವುದಕ್ಕೆ ಪಕ್ಕದ ಗ್ಯಾರೇಜಿನ ಸ್ಪ್ಯಾನರ್ ಮಾವನನ್ನು ಕರೆದುಕೊಂಡು ಹೋಗಿದ್ದೆ, ಗುಂಡಿಯೂ ಜೊತೆಗಿದ್ದಳು. ಮೊದಲನೆಯದು ಹಲ್ಲಿನ ಡಾಕ್ಟರೊಬ್ಬರದು. ಕೆಂಪು ಬಣ್ಣ, ಮಿರಮಿರ ಮಿಂಚುತ್ತಿತ್ತು. ನನ್ನ ಬುದ್ಧಿ ಗೊತ್ತಲ್ಲ, ಬೋಟು ನೋಡಲು ಹೋದವಳು ಸೀಟು ನೋಡುತ್ತಾ ನಿಂತೆ. ಎಂಥಾ ಹೊಲಿಗೆ ಅಂತೀರಿ! ಒಂದು ದಾರ ಅತ್ತಿತ್ತ ಆಗಿರಲಿಲ್ಲ. ಮೂತಿಯ ಕಡೆ ಎರಡು ಸೀಟು ಎದುರುಬದುರಾಗಿ, ಬಿಳಿ ರೆಕ್ಸಿನ್ನಿಗೆ ಕೆಂಪು ಅಂಚು. ಹೂಂ ಎಂದು ಬಿಡುತ್ತಿದ್ದೆ, ನಾಲಿಗೆಯ ತುದಿಗೇ ಬಂದಿತ್ತು. ಅಷ್ಟರಲ್ಲಿ ಕೈ ಸುಮ್ಮನಿರದೆ ಸೀಟನ್ನು ಎತ್ತಿತು ನೋಡಿ, ಹೆಣಭಾರ! ತಿರುಗಿಸಿದರೆ ಅಡಿಯ ಹಲಗೆ ಕಪ್ಪಿಟ್ಟಿತ್ತು, ಹಳೇ ಪಿನ್ನುಗಳು ತುಕ್ಕು ಹಿಡಿದಿದ್ದವು. ಸ್ಪಂಜನ್ನು ಹಿಂಡಿದೆ, ಮುಂಗೈ ತನಕ ನೀರಿಳಿಯಿತು. ನೀರು ಕುಡಿದ ಸ್ಪಂಜಿಗೆ ಹೊಸ ಬಟ್ಟೆ ತೊಡಿಸಿದ್ದರು. ಸೀಟಿನಡಿಯೇ ಹೀಗಿದ್ದರೆ ಬೋಟಿನ ಹೊಟ್ಟೆಯೊಳಗೆ ಏನಿದೆಯೋ! “ಹೊರಗೆ ಬೆಳ್ಳಗೆ, ಒಳಗೆ ಹುಳುಕು, ನಿಮಗೆ ನಾನು ಹೇಳ್ಬೇಕಾ ಡಾಕ್ಟ್ರೇ” ಅಂದೆ. ಪಾಪ, ಅವರಿಗೂ ಗೊತ್ತಿರಲಿಲ್ಲ ಅನ್ನಿಸುತ್ತದೆ, ಮುಖ ಸಪ್ಪಗಾಯಿತು. ನಾವು ಹೊರಡುವಾಗ ಗುಂಡಿಯ ಹಲ್ಲು ನೋಡಿ, ಹೊಸದು ನೆಟ್ಟಗೇ ಬರುತ್ತದೆ ಎಂದು ಹೇಳಿ ಕಳಿಸಿದರು.

ಎರಡನೆಯದು ಒಬ್ಬ ಗಂಡ ಹೆಂಡತಿಯದು. ಒಂದೇ ಪ್ರಶ್ನೆಗೆ ಇಬ್ಬರೂ ಎರಡು ಉತ್ತರ ಕೊಡುತ್ತಿದ್ದರು. ಕಲ್ಲಿಗೆ ತಗುಲಿತ್ತೇ ಎಂದರೆ ಅವನು ಇಲ್ಲ ಎಂದ, ಅವಳು ಒಂದೇ ಸಲ ಎಂದಳು. ಎಂಜಿನ್ ಮಾತ್ರ ಹೊಸದರಂತಿತ್ತು, ಸ್ಪ್ಯಾನರ್ ಮಾವ ಅದರ ಮುಂದೆ ಕೂತವರು ಏಳಲೇ ಇಲ್ಲ. ನಾನು ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಓಡಾಡಿದೆ. ಹಿಂದುಗಡೆ ಒಂದು ಕಡೆ ಕಾರ್ಪೆಟ್ಟಿನಡಿ ಹಿಮ್ಮಡಿ ಒಳಕ್ಕೆ ಹೋಯಿತು. ಮಾವನನ್ನು ಎಬ್ಬಿಸಿದೆ. ಎಂಜಿನ್ನು ನೇತುಹಾಕಿರುವ ಹಿಂಬದಿಯ ಹಲಗೆಯನ್ನು ಅವರು ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿದರು. ಟಕ್ ಟಕ್ ಎಂದು ಬಂದದ್ದು ಮಧ್ಯಕ್ಕೆ ಬರುತ್ತಲೇ ಡಬ್ ಎಂದಿತು. ಒಳಗಿನ ಮರ ಕೊಳೆತಿದೆ, ಒಂದಲ್ಲ ಒಂದು ದಿನ ಎಂಜಿನ್ನು ಹಲಗೆಯನ್ನೂ ಕಿತ್ತುಕೊಂಡು ನೀರಿಗಿಳಿಯುತ್ತದೆ ಎಂದರು. ದಾರಿಯುದ್ದಕ್ಕೂ ಮಾವ ಆ ಎಂಜಿನ್ನಿಗಾಗಿ ಹಲುಬುತ್ತಲೇ ಇದ್ದರು.

ಮೂರನೆಯದನ್ನು ನೋಡಿದ ಕೂಡಲೇ ವಾಪಸು ಹೊರಡೋಣ ಅಂದುಕೊಂಡೆ. ರಿಟೈರಾದ ಬಸ್ ಡ್ರೈವರೊಬ್ಬರದು. ಕೆನೆ ಬಣ್ಣ ಇದ್ದಿರಬಹುದು ಒಂದು ಕಾಲಕ್ಕೆ. ರೆಕ್ಸಿನ್ನು ಒಡೆದ ಹಿಮ್ಮಡಿಯ ಹಾಗೆ ಬಿರುಕುಬಿಟ್ಟಿತ್ತು. ಆದರೆ ಸೀಟು ಎತ್ತಿದರೆ ಹಗುರ, ಸ್ಪಂಜು ಒಣ ಒಣ. ನೆಲ ತುಳಿದೆ, ಜಗ್ಗಲಿಲ್ಲ. ಮಾವ ಹಿಂದಿನ ಹಲಗೆಯನ್ನು ಉದ್ದಕ್ಕೂ ತಟ್ಟಿದರು, ಒಂದೇ ಸದ್ದು. ಎಂಜಿನ್ನಿನ ಮುಚ್ಚಳದ ಒಳಗೆ ಎಣ್ಣೆ ಬದಲಿಸಿದ ದಿನಗಳನ್ನೆಲ್ಲ ಆ ಹಿರಿಯರು ಮಾರ್ಕರಿನಲ್ಲಿ ಬರೆದಿಟ್ಟಿದ್ದಾರೆ, ಹದಿನಾಲ್ಕು ವರ್ಷದ್ದು. ಮುಂದಿನ ಸೀಟಿನ ಸಂದಿಯಲ್ಲಿ ನನ್ನ ಕೈಗೆ ಒಂದು ಹೆಣಿಗೆ ಕಡ್ಡಿ ಸಿಕ್ಕಿತು. ಅವರ ಮನೆಯವರು ಅಲ್ಲೇ ಕೂತು ಸ್ವೆಟರ್ ಹಾಕುತ್ತಿದ್ದರಂತೆ, ತೀರಿಹೋಗಿ ಒಂದು ವರ್ಷವಾಯಿತಂತೆ. ಕಡ್ಡಿಯನ್ನು ಇಸಿದುಕೊಂಡು ಜೇಬಿಗಿಟ್ಟುಕೊಂಡರು. ಆಮೇಲೆ ಅವರೇ ಬೋಟನ್ನು ನೀರಿಗಿಳಿಸಿ ನಮ್ಮನ್ನು ಒಂದು ಗಂಟೆ ಸುತ್ತಿಸಿದರು. ಸುಳ್ಳು ಹೇಳುವುದಿಲ್ಲ, ದೋಷವೂ ಇದೆ. ಪೆಟ್ರೋಲಿನ ಮುಳ್ಳು ಕೆಲಸ ಮಾಡುವುದಿಲ್ಲ, ಬಲಗಡೆ ಮೊಳದುದ್ದ ಗೀರು, ಒಂದೊಂದು ಸಲ ಎರಡನೇ ಸಾರಿಗೆ ಸ್ಟಾರ್ಟ್ ಆಗುತ್ತದೆ. ಸೀಟಿನ ಚಿಂತೆ ಬಿಡಿ, ನಾನು ಯಾತಕ್ಕಿದ್ದೇನೆ?

ಈಗ ನೀವು ಗೀರು ಇದೆಯಲ್ಲ, ಬೇಡ, ಇನ್ನೊಂದು ನೋಡೋಣ ಎಂದು ಬರೆಯುತ್ತೀರಿ. ಗೊತ್ತು ನನಗೆ. ಏಳು ಬೋಟುಗಳಲ್ಲಿ ಮೂರಾದರೂ ಚೆನ್ನಾಗಿದ್ದವು ಅನ್ನುವುದು ನಿಮಗೂ ಗೊತ್ತು. ಬೋಟು ಸಿಕ್ಕಿಬಿಟ್ಟರೆ ಮನೆಗೆ ಬರಬೇಕಾಗುತ್ತದೆ, ಅದೇ ತಾನೇ? ಹಿಂದಿನ ಸಲ ನೀವು ಬಂದಾಗ ಗುಂಡಿಗೆ ನಾಲ್ಕು ವರ್ಷ. ಸಂಜೆ ಬಾಗಿಲಲ್ಲಿ ನಿಂತು, “ಅಮ್ಮಾ, ಈ ಅಂಕಲ್ ಯಾವಾಗ ಮನೆಗೆ ಹೋಗ್ತಾರೆ? ಅಪ್ಪ ಫೋನ್ ಮಾಡೋ ಹೊತ್ತಾಯ್ತು” ಎಂದಳು. ನೀವು ಎಲ್ಲರಿಗಿಂತ ಜೋರಾಗಿ ನಕ್ಕಿರಿ. ಮೂರನೇ ದಿನ ಕಂಪನಿಯವರು ಕರೆದಿದ್ದಾರೆ ಎಂದು ರಜೆ ಹತ್ತು ದಿನ ಬಾಕಿಯಿರುವಾಗಲೇ ಹೊರಟಿರಿ. ಕಂಪನಿಯವರು ಕರೆದಿರಲಿಲ್ಲ. ರಜೆ ಉಳಿಸಿದ್ದಾರಲ್ಲ, ಏನು ಮಾಡೋಣ ಎಂದು ಆಫೀಸಿನವರು ನನಗೇ ಫೋನ್ ಮಾಡಿ ಕೇಳಿದರು. ಆವತ್ತು ಅಡುಗೆಮನೆಯಲ್ಲಿ ಕೂತು ಅತ್ತೆ. ಸಿಟ್ಟು ನಿಮ್ಮ ಮೇಲಲ್ಲ. ನಾಲ್ಕು ವರ್ಷದ ಮಗು ಆಡಿದ ಮಾತನ್ನು ಇಷ್ಟು ದೊಡ್ಡ ಗಂಡಸು ಎದೆಯಲ್ಲಿಟ್ಟುಕೊಂಡು ಸಮುದ್ರ ಸುತ್ತುತ್ತಿದ್ದಾರಲ್ಲ ಎಂದು ಸಂಕಟ. ನನಗೆ ಒಂದು ಮಾತು ಹೇಳಬಾರದಿತ್ತೇ? ಹೋಗಲಿ, ನಾನು ಕೇಳಬಾರದಿತ್ತೇ? ಎರಡು ವರ್ಷ ಇಬ್ಬರೂ ಬೋಟಿನ ವಿಷಯವನ್ನೇ ಮಾತಾಡಿಕೊಂಡು ಬಂದೆವು. ನೀವು ಮತ್ತೆ ಎರಡು ವರ್ಷದ ಹೊಸ ಒಪ್ಪಂದಕ್ಕೆ ಸಹಿ ಹಾಕುವ ತಿಂಗಳು ಇದು. ಹಾಕಬೇಡಿ. ಇನ್ನೊಮ್ಮೆ ಹಾಕಿದರೆ ಅವಳಿಗೆ ಎಂಟಾಗುತ್ತದೆ, ಆಗ ನೀವು ನಿಜವಾಗಿಯೂ ಹೊಸಬರಾಗುತ್ತೀರಿ.

ಬಹಳ ಬರೆದೆ. ಕೈಗೆ ಮುಲಾಮು ಹಚ್ಚಿಕೊಳ್ಳಿ, ನಿದ್ದೆಗೆಡಬೇಡಿ. ಸ್ಪ್ಯಾನರ್ ಮಾವ ನಿಮ್ಮನ್ನು ಕೇಳಿದ್ದಾರೆ ಎಂದು ಹೇಳಬೇಕಂತೆ. ಗುಂಡಿ ಹಲ್ಲಿಲ್ಲದ ಬಾಯಲ್ಲಿ ಮುತ್ತು ಕೊಟ್ಟಿದ್ದಾಳೆ, ಕಾಗದದ ಮೂಲೆ ಒದ್ದೆಯಾಗಿದ್ದರೆ ಅದೇ.

ಎಷ್ಟು ಬೈದರೂ ನಿಮ್ಮವಳೇ ಆದ,
ನಿಮ್ಮ ಕುಶನ್ ಮೇಡಂ

ತಾ.ಕ.: ಸೋಮವಾರ ಬೆಳಿಗ್ಗೆ. ಅಂಚೆ ಹೋಗುವ ಹೊತ್ತಾಯಿತು, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಮೂರನೆಯ ಬೋಟಿಗೆ ಮುಂಗಡ ಕೊಟ್ಟಾಯಿತು, ಇನ್ನು ಪಟ್ಟಿ ಕಳಿಸಬೇಡಿ. ಒಂದು ಸಂಗತಿಯನ್ನು ಬೇಕೆಂದೇ ಬಿಟ್ಟಿದ್ದೆ, ಹೇಳಿದರೆ ಮಗುವನ್ನು ಮುಂದಿಟ್ಟುಕೊಂಡು ಕರೆಸಿಕೊಳ್ಳುತ್ತಾಳೆ ಅಂದುಕೊಳ್ಳುತ್ತೀರಿ ಎಂದು. ಅಂದುಕೊಳ್ಳಿ. ಆವತ್ತು ಆ ಹಿರಿಯರು ಬೋಟು ಓಡಿಸಲು ಬಂದಾಗ ಗುಂಡಿ ಓಡಿಸುವವರ ಸೀಟಿಗೆ ಎರಡೂ ಕೈ ಅಡ್ಡ ಇಟ್ಟು, “ಇಲ್ಲಿ ಯಾರೂ ಕೂರೋ ಹಾಗಿಲ್ಲ, ಇದು ನಮ್ಮಪ್ಪನ ಜಾಗ” ಎಂದುಬಿಟ್ಟಳು. ಗದರಿಸಿದೆ, ರಮಿಸಿದೆ, ಜಪ್ಪಯ್ಯ ಅನ್ನಲಿಲ್ಲ. ಪಾಪ, ಆ ಮಂಡಿನೋವಿನ ಮನುಷ್ಯ ಒಂದು ಗಂಟೆ ನಿಂತುಕೊಂಡೇ ಓಡಿಸಿದರು.